ಪೊಟ್ಟಣದ ಮೇಲೆ ಯಾವ ಹೆಸರು?

— ಮೇಷ್ಟ್ರೇ, ನೀವು ಒಂದು ಹೆಸರು ಬರೆದುಕೊಟ್ಟರೆ ಸಾಕು. ಈ ವಾರ ಚೀಟಿ ಅಚ್ಚು ಹಾಕಿಸೋಕೆ ಚಿಂತಾಮಣಿಗೆ ಹೋಗ್ತಿದೀವಿ. ಕರ್ಜಿಕಾಯಿ ಅಂತ ಹಾಕಿಸೋದಾ, ಕಜ್ಜಿಕಾಯಿ ಅಂತ ಹಾಕಿಸೋದಾ?

— ಮಾಡೋರು ನೀವು. ನಿಮ್ಮ ಸಂಘದಲ್ಲಿ ಏನಂತಾರಮ್ಮ?

— ಅಲ್ಲೇ ಗಂಟು ಬಿದ್ದಿರೋದು. ಕನ್ನಡ ಮಾತಾಡೋ ಮನೆಯೋರು ಕರ್ಜಿಕಾಯಿ ಅಂತಾರೆ. ತೆಲುಗು ಮನೆಯೋರು ಕಜ್ಜಿಕಾಯ ಅಂತಾರೆ, ರಾಶಿ ಮಾಡಿದ್ರೆ ಕಜ್ಜಿಕಾಯಲು. ನಮ್ಮತ್ತೆ ಎರಡೂ ಭಾಷೆ ಬೆರೆಸಿ ಕಜ್ಜಿಕಾಯಿ ಅಂತಾರೆ. ಧಾರವಾಡದ ಕಡೆಯಿಂದ ಬಂದ ಸೊಸೆ ಒಬ್ಬಳಿದಾಳೆ, ಅವಳ ಬಾಯಲ್ಲಿ ಅದು ಕರ್ಚಿಕಾಯಿ. ಒಂದೇ ಬಾಣಲೆ ಮುಂದೆ ಕೂತು ನಾಲ್ಕು ಹೆಸರು. ಕೆಲಸ ಮಾಡೋವಾಗ ಯಾರಿಗೂ ಏನೂ ಅನ್ನಿಸಿರಲಿಲ್ಲ. ಚೀಟಿ ಅಂದ ತಕ್ಷಣ ಎಲ್ಲರೂ ನಮ್ಮದೇ ಸರಿ ಅಂತ ಕೂತರು.

— ನಾಲ್ಕೂ ಸರಿಯೇ.

— ನೀವು ಹಂಗಂದ್ರೆ ಆಗೋಲ್ಲ. ಚೀಟೀಲಿ ಜಾಗ ಇರೋದು ಅಂಗೈಯಷ್ಟು. ಅದರಲ್ಲೇ ತಯಾರಿಸಿದ ದಿನ, ಎಲ್ಲಿವರೆಗೆ ತಿನ್ನಬಹುದು, ಏನೇನು ಹಾಕಿದೀವಿ, ಆಹಾರ ಇಲಾಖೆಯ ನಂಬರು, ಎಲ್ಲ ಬರಬೇಕು. ಇಂಗ್ಲಿಷ್ ಇಲ್ಲಾ ಹಿಂದಿ ಇರಲೇಬೇಕಂತೆ, ಅದರ ಜೊತೆಗೆ ಕನ್ನಡವೂ ಬರಬೇಕು. ನಾಲ್ಕು ಹೆಸರಿಗೆ ಎಲ್ಲಿಂದ ಜಾಗ ತರೋಣ?

— ಸರಿ, ಹೆಸರಿಗೆ ಮುಂಚೆ ಒಂದು ಕೇಳ್ತೀನಿ. ಒಳಗೆ ಏನು ತುಂಬ್ತೀರಿ?

— ಹುರಿಗಡಲೆ ಪುಡಿ, ಒಣಕೊಬ್ಬರಿ ತುರಿ, ಪುಡಿ ಮಾಡಿದ ಸಕ್ಕರೆ, ಹುರಿದ ಗಸಗಸೆ, ಎಳ್ಳು, ಏಲಕ್ಕಿ. ಮೇಲಿನ ಕಣಕಕ್ಕೆ ಚಿರೋಟಿ ರವೆ, ಅದಕ್ಕೆ ಒಂದು ಹಿಡಿ ಮೈದಾ, ಚೂರು ಉಪ್ಪು, ಕಾದ ತುಪ್ಪ. ಗಟ್ಟಿಯಾಗಿ ಕಲಸಿ ಒದ್ದೆ ಬಟ್ಟೆ ಮುಚ್ಚಿ ಬಿಡ್ತೀವಿ. ರವೆ ನೀರು ಕುಡಿದು ಮೆತ್ತಗಾದ ಮೇಲೆ ಚೆನ್ನಾಗಿ ನಾದಿ, ತೆಳ್ಳಗೆ ಲಟ್ಟಿಸಿ, ತುಂಬಿ, ಮಡಿಚಿ, ಅಂಚು ಒತ್ತಿ, ಸಣ್ಣ ಉರೀಲಿ ಕರೀತೀವಿ. ಉರಿ ಜೋರಾದ್ರೆ ಮೇಲೆಲ್ಲ ಗುಳ್ಳೆ ಏಳುತ್ತೆ, ಬಣ್ಣ ಬೇಗ ಬರುತ್ತೆ, ಆದರೆ ಮಾರನೇ ದಿನಕ್ಕೆ ಮೆತ್ತಗಾಗುತ್ತೆ. ಅಂಚು ಒಂದು ಕಡೆ ಬಿಟ್ಟುಕೊಂಡರೂ ಪುಡಿಯೆಲ್ಲ ಎಣ್ಣೆಗೆ ಇಳಿದು ಸೀದು, ಆ ಎಣ್ಣೆಯೇ ಕೆಟ್ಟುಹೋಗುತ್ತೆ. ಅದಕ್ಕೇ ಅಂಚು ಕಟ್ಟೋಕೆ ಕೈ ಕುದುರಿದೋರನ್ನೇ ಕೂರಿಸ್ತೀವಿ.

— ಎಲ್ಲರ ಮನೇಲೂ ಇದೇ ಹೂರಣವಾ?

— ಇಲ್ಲ. ತೆಲುಗು ಮನೆಗಳಲ್ಲಿ ಹಸಿ ತೆಂಗಿನಕಾಯಿ ತುರಿಗೆ ಬೆಲ್ಲ ಹಾಕಿ ಬಾಡಿಸಿ ತುಂಬೋರೂ ಇದಾರೆ. ಅವರಿಗೆ ಅದೇ ಕಜ್ಜಿಕಾಯ. ಕಡ್ಲೆಕಾಯಿ ಬೆಳೆಯೋ ಮನೆಗಳಲ್ಲಿ ಬೀಜ ಹುರಿದು ಸಿಪ್ಪೆ ತೆಗೆದು, ಬೆಲ್ಲದ ಜೊತೆ ಕುಟ್ಟಿ ತುಂಬ್ತಾರೆ. ನಮ್ಮ ತವರಲ್ಲಿ ಅದೇ ಹೆಚ್ಚು. ಕೊಬ್ಬರಿ ಕೊಂಡು ತರಬೇಕು, ಕಡ್ಲೆಕಾಯಿ ಮನೇಲೇ ಇರುತ್ತೆ. ಇನ್ನು ಬೇಳೆ ಬೇಯಿಸಿ ಬೆಲ್ಲ ಹಾಕಿ ರುಬ್ಬಿದ ಹೂರಣ ತುಂಬಿದ್ರೆ ಅದು ಕರಿಗಡುಬು. ಅದನ್ನ ಯಾರೂ ಕರ್ಜಿಕಾಯಿ ಅನ್ನೋಲ್ಲ.

— ಯಾಕೆ ಅನ್ನೋಲ್ಲ? ಆಕಾರ ಅದೇ, ಎಣ್ಣೇಲಿ ಕರಿಯೋದೂ ಅದೇ.

— ಅದು ಇಡೋಕೆ ಬರೋಲ್ಲವಲ್ಲ! ಬೆಳಿಗ್ಗೆ ಮಾಡಿದ್ದು ರಾತ್ರಿಯೊಳಗೆ ಮುಗೀಬೇಕು. ಬೇಳೇಲಿ ನೀರಿರುತ್ತೆ, ಹಳಸುತ್ತೆ. ತೆಂಗಿನಕಾಯಿದು ಎರಡು ದಿನ ತಡೀಬಹುದು. ಹುರಿಗಡಲೆ ಕೊಬ್ಬರಿದು ಡಬ್ಬೀಲಿ ಗಾಳಿ ಹೋಗದ ಹಾಗಿಟ್ಟರೆ ಹದಿನೈದು ದಿನ ಗರಿಗರಿಯಾಗಿರುತ್ತೆ.

— ನೋಡು, ಈಗ ದಾರಿ ಸಿಕ್ಕಿತು. ನಮ್ಮ ಕಡೆ ಕರ್ಜಿಕಾಯಿ, ಕರಿಗಡುಬು ಅಂತ ಎರಡು ಹೆಸರು ಬೇರೆಯಾಗಿ ನಿಂತಿರೋದು ಆಕಾರದಿಂದ ಅಲ್ಲ, ಬಾಳಿಕೆಯಿಂದ. ಕಡುಬು ಅಂದ್ರೆ ಹಬ್ಬದ ದಿನ, ಎಲೆ ಮೇಲೆ, ತುಪ್ಪ ಹಾಕಿಕೊಂಡು, ಮಾಡಿದ ಮನೇಲೇ ಕೂತು ತಿನ್ನೋದು. ಕರ್ಜಿಕಾಯಿ ಹೊರಗೆ ಹೋಗೋಕೆ ಹುಟ್ಟಿದ ತಿಂಡಿ. ಸೀಮಂತದ ತಟ್ಟೆಗೆ ಏನು ಜೋಡಿಸ್ತೀರಿ? ಮಗಳನ್ನ ಗಂಡನ ಮನೆಗೆ ಕಳಿಸೋವಾಗ ಡಬ್ಬಿಗೆ ಏನು ತುಂಬ್ತೀರಿ?

— ಕರ್ಜಿಕಾಯಿ, ಚಕ್ಕುಲಿ, ನಿಪ್ಪಟ್ಟು, ರವೆ ಉಂಡೆ. ಒಬ್ಬಟ್ಟು ಕಳಿಸಿದ್ರೂ ಅದು ದಾರಿಗಷ್ಟೇ.

— ಅದಕ್ಕೇ ಕರ್ಜಿಕಾಯಿಯ ಹೆಸರು ಇಷ್ಟು ದೂರ ಹೋಗಿರೋದು ಅಂತ ನನಗನ್ನಿಸುತ್ತೆ. ಧಾರವಾಡದಲ್ಲಿ ಕರ್ಚಿಕಾಯಿ, ಮೈಸೂರು ಬೆಂಗಳೂರಲ್ಲಿ ಕರ್ಜಿಕಾಯಿ, ಆಂಧ್ರ ತೆಲಂಗಾಣದಲ್ಲಿ ಕಜ್ಜಿಕಾಯ, ಮಹಾರಾಷ್ಟ್ರದಲ್ಲಿ ಕರಂಜಿ. ಮೂರು ಭಾಷೆ ದಾಟಿದ್ರೂ ಮುಖ ಗುರುತು ಸಿಗುತ್ತೆ. ಡಬ್ಬಿ ಜೊತೆ ಹೆಸರೂ ಪ್ರಯಾಣ ಮಾಡಿದೆ. ಅದೇ ಬೇಳೆ ಹೂರಣದ ಉಂಡೇನ ಹಿಟ್ಟಲ್ಲಿ ಅದ್ದಿ ಕರಿಯೋದು ನೋಡು. ತೆಲುಗಲ್ಲಿ ಪೂರ್ಣಾಲು, ಕರಾವಳಿ ಆಂಧ್ರದಲ್ಲಿ ಬೂರೆಲು, ತಮಿಳಲ್ಲಿ ಸುಯ್ಯಂ, ನಮ್ಮ ಮಲೆನಾಡಲ್ಲಿ ಸುಕ್ಕಿನುಂಡೆ. ಒಂದಕ್ಕೊಂದು ಹೋಲಿಕೆ ಕಮ್ಮಿ. ಮನೆ ಬಿಟ್ಟು ಹೊರಡದ ತಿಂಡಿಗೆ ಆಯಾ ಊರೇ ಹೆಸರಿಟ್ಟುಕೊಂಡಿತು.

— ಹಾಗಾದ್ರೆ ಒಬ್ಬಟ್ಟು? ಅದೂ ಬೇಳೇದೇ, ಅದೂ ಇಡೋಕೆ ಬರೋಲ್ಲ. ಆದ್ರೆ ಮದನಪಲ್ಲಿಗೆ ಹೋದ್ರೂ ಓಳಿಗ ಅಂತಾರೆ, ಹುಬ್ಬಳ್ಳಿಗೆ ಹೋದ್ರೂ ಹೋಳಿಗೆ ಅಂತಾರೆ. ಅದು ಹೆಂಗೆ ಅಷ್ಟು ದೂರ ಹೋಯ್ತು?

— ಒಳ್ಳೆ ಜಾಗಕ್ಕೇ ಕೈ ಹಾಕಿದೆ. ನನ್ನ ಮಾತು ಒಬ್ಬಟ್ಟಿನ ಮುಂದೆ ಪೂರ್ತಿ ನಿಲ್ಲೋಲ್ಲ. ಹೋಳಿಗೆಯನ್ನ ದೂರ ಒಯ್ದದ್ದು ಡಬ್ಬಿ ಅಲ್ಲ, ಹೆಂಗಸರು. ಹಬ್ಬಕ್ಕೆ ಮಾಡಲೇಬೇಕಾದ ತಿಂಡಿ ಅದು. ಸೊಸೆಯಾಗಿ ಎಲ್ಲಿಗೆ ಹೋದರೂ ಯುಗಾದಿ ಬಂದ್ರೆ ತಟ್ಟಲೇಬೇಕು, ತವರಿನ ಹೆಸರಲ್ಲೇ ಕರೆದುಕೊಂಡು ತಟ್ಟಿದಳು. ಅಲ್ಲಿ ಎರಡು ವಂಶ ಇದೆ ನೋಡು. ತಮಿಳಿನ ಪೋಳಿ, ಮರಾಠಿಯ ಪುರಣಪೋಳಿ, ನಮ್ಮ ಹೋಳಿಗೆ, ಅನಂತಪುರ ಚಿತ್ತೂರಿನ ಓಳಿಗ, ಇವೆಲ್ಲ ಒಂದು. ನಮ್ಮ ಒಬ್ಬಟ್ಟು, ಆಂಧ್ರದ ಬೊಬ್ಬಟ್ಟು ಇನ್ನೊಂದು. ಹಳಗನ್ನಡದ ಪಕಾರ ಮುಂದೆ ಹಕಾರ ಆಯ್ತು ಅಂತ ಶಾಲೇಲಿ ಹೇಳಿಕೊಟ್ಟಿದ್ದು ನೆನಪಿದೆಯಾ?

— ಪಾಲು ಹಾಲಾಯ್ತು, ಪಳ್ಳಿ ಹಳ್ಳಿ ಆಯ್ತು.

— ಹಾಗೇ. ಪಕಾರ ಇಟ್ಟುಕೊಂಡೋರು ಪೋಳಿ ಅಂದರು, ಹಕಾರ ಮಾಡಿಕೊಂಡೋರು ಹೋಳಿಗೆ ಅಂದರು, ನಮ್ಮ ಗಡಿಯ ಬಾಯಲ್ಲಿ ಆ ಹಕಾರವೂ ಉದುರಿ ಓಳಿಗ ಆಯ್ತು. ನಮ್ಮ ಜಿಲ್ಲೇಲೇ ಒಂದು ಕಡೆ ಬಾಗೇಪಲ್ಲಿ, ಇನ್ನೊಂದು ಕಡೆ ಮುದ್ದೇನಹಳ್ಳಿ. ಕೆಂಚಾರ್ಲಹಳ್ಳಿ ಅನ್ನೋ ಹೋಬಳಿ ಹೆಸರಲ್ಲಿ ಮುಂದಿನ ಅರ್ಧ ತೆಲುಗು, ಹಿಂದಿನ ಅರ್ಧ ಕನ್ನಡ. ಇಂಥ ಸೀಮೇಲಿ ತಿಂಡಿಗೆ ಒಂದೇ ಹೆಸರು ಇದ್ದಿದ್ದರೆ ಆಶ್ಚರ್ಯ ಪಡಬೇಕಿತ್ತು.

— ಸರಿ, ಕರ್ಜಿಕಾಯಿಗೆ ಬನ್ನಿ. ಅದರಲ್ಲಿ ಯಾವುದು ಮೊದಲಿನದು? ಕರ್ಜಿಯಾ, ಕಜ್ಜಿಯಾ? ಸಂಘದಲ್ಲಿ ಇದನ್ನೇ ಕೇಳ್ತಾರೆ.

— ಧ್ವನಿಯ ನಡೆ ನೋಡಿದ್ರೆ ಕರ್ಜಿ ಮೊದಲು, ಕಜ್ಜಿ ಆಮೇಲೆ ಅಂತ ಹೇಳಬಹುದು. ರೇಫ ಕರಗಿ ಮುಂದಿನ ಅಕ್ಷರ ದ್ವಿತ್ವ ಆಗೋದು ನಮ್ಮಲ್ಲಿ ಬಹಳ ಹಳೇ ರೂಢಿ. ಕಾರ್ಯ ಕಜ್ಜ ಆಯ್ತು, ಪರ್ವ ಹಬ್ಬ ಆಯ್ತು. ಹಾಗೇ ಕರ್ಜಿ ಕಜ್ಜಿ. ಆದ್ರೆ ಇದರಿಂದ ಕಜ್ಜಿ ಅನ್ನೋದು ಕೆಟ್ಟ ಉಚ್ಚಾರ ಅಂತ ಆಗೋಲ್ಲ. ಹಬ್ಬ ಅನ್ನೋದನ್ನ ಯಾರಾದರೂ ಪರ್ವ ಅಂತ ತಿದ್ದುತಾರಾ?

— ಮರಾಠಿ ಕರಂಜಿ ಎಲ್ಲಿಂದ ಬಂತು?

— ನಿಮ್ಮ ಮನೆ ಹಿಂದೆ ಹೊಂಗೆ ಮರ ಇದೆಯಲ್ಲ?

— ಇದೆ. ಎಲ್ಲ ಹೊಲದ ಬದುವಲ್ಲೂ ಇದೆ.

— ಹೊಂಗೆಗೆ ಸಂಸ್ಕೃತದಲ್ಲಿ ಕರಂಜ. ಮರಾಠಿಯಲ್ಲಿ ಇವತ್ತಿಗೂ ಕರಂಜ್ ಅಂತಲೇ ಹೆಸರು. ಒಂದು ಹೊಂಗೆ ಕಾಯಿ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡಮ್ಮ. ಒಂದು ಅಂಚು ಹೆಚ್ಚು ಕಮ್ಮಿ ನೇರ, ಇನ್ನೊಂದು ಬಾಗಿದ್ದು, ನಡುವೆ ಬೀಜದ ಉಬ್ಬು. ನೀವು ಅಂಚು ಕಟ್ಟಿ ತಟ್ಟೇಲಿ ಸಾಲಾಗಿ ಇಡೋ ಕರ್ಜಿಕಾಯಿಗೂ ಅದಕ್ಕೂ ಅಳತೆ ಒಂದೇ ಬೇರೆ. ಕರಂಜಿ ಅಂದ್ರೆ ಹೊಂಗೆ ಕಾಯಿಯ ರೂಪದ್ದು ಅಂತ ತಿಳಿಯೋದಕ್ಕೆ ಕಣ್ಣೆದುರಿನ ಸಾಕ್ಷಿ ಇದೆ. ನಮ್ಮ ಹೆಸರಲ್ಲೂ ಕೊನೆಗೆ 'ಕಾಯಿ' ಕೂತಿದೆ, ತೆಲುಗಲ್ಲಿ 'ಕಾಯ'. ತಿಂಡಿಗೆ ಕಾಯಿ ಅನ್ನೋಕೆ ಇನ್ನೇನು ಕಾರಣ ಇದ್ದೀತು?

— ಒಳಗೆ ಕಾಯಿತುರಿ ಇರುತ್ತಲ್ಲ, ಅದಕ್ಕೇ ಕಾಯಿ ಅಂದಿರಬಹುದು.

— ಅದೂ ಆಗಬಹುದು. ಇನ್ನೊಂದು ದಾರಿನೂ ಇದೆ. ಖಾದ್ಯ ಅನ್ನೋದು ಪ್ರಾಕೃತದಲ್ಲಿ ಖಜ್ಜ ಆಗುತ್ತೆ. ಬಿಹಾರ ಒಡಿಶಾದ ಖಾಜಾ ಅಲ್ಲಿಂದಲೇ ಬಂದದ್ದು. ನಮ್ಮ ಕಜ್ಜಾಯವೂ ಆ ವಂಶದ್ದೇ ಅಂತ ತಿಳಿಯೋರಿದಾರೆ. ಕಜ್ಜಿಕಾಯಿಯ 'ಕಜ್ಜಿ'ಯನ್ನೂ ಅಲ್ಲಿಗೇ ಸೇರಿಸೋಕೆ ಮನಸ್ಸಾಗುತ್ತೆ. ಆದ್ರೆ ಹಾಗೆ ಸೇರಿಸಿದ್ರೆ ಧಾರವಾಡದ ಕರ್ಚಿಯಲ್ಲಿ, ಮರಾಠಿಯ ಕರಂಜಿಯಲ್ಲಿ ಇರೋ ರಕಾರಕ್ಕೆ ಲೆಕ್ಕ ಸಿಗೋಲ್ಲ. ಅದಕ್ಕೇ ನಾನು ಹೊಂಗೆ ಕಡೆಗೆ ವಾಲೋದು.

— ಕಜ್ಜಾಯದ ಮಾತು ಬಂದಿದ್ದು ಒಳ್ಳೇದಾಯ್ತು. ಬೆಂಗಳೂರಿಂದ ಒಬ್ಬರು ಫೋನ್ ಮಾಡಿ ಕಜ್ಜಾಯ ಬೇಕು ಅಂದರು. ನಾವು ಅಕ್ಕಿ ನೆನೆಹಾಕಿ, ನೆರಳಲ್ಲಿ ಆರಿಸಿ, ಕುಟ್ಟಿ, ಬೆಲ್ಲದ ಪಾಕಕ್ಕೆ ಹಿಟ್ಟು ಹಾಕಿ, ಅದು ಹದಕ್ಕೆ ಬರೋಕೆ ಬಿಟ್ಟು, ಆಮೇಲೆ ಎಲೆ ಮೇಲೆ ತಟ್ಟಿ ಕರಿದು, ಎರಡು ಸೌಟಿನ ನಡುವೆ ಎಣ್ಣೆ ಹಿಂಡಿ ಕಳಿಸಿದ್ವಿ. ಅವರಿಗೆ ಬೇಕಾಗಿದ್ದು ಕಜ್ಜಿಕಾಯಿ! ಅವರ ತಾತನ ಕಾಲಕ್ಕೆ ಮನೇಲಿ ತೆಲುಗಿತ್ತಂತೆ, ಹೆಸರು ಅರ್ಧ ನೆನಪಿತ್ತಂತೆ. ಆಮೇಲೆ ಎರಡನ್ನೂ ತಗೊಂಡರು, ಅದು ಬೇರೆ ಮಾತು.

— ಆ ಕಜ್ಜಾಯಕ್ಕೆ ತೆಲುಗಿನೋರು ಅರಿಸೆ ಅಂತಾರೆ, ತಮಿಳರು ಅದಿರಸಂ, ಉತ್ತರ ಕರ್ನಾಟಕದಲ್ಲಿ ಅತ್ರಾಸ, ಮರಾಠಿಯಲ್ಲಿ ಅನಾರಸೆ. ತಿರುಮಲೆಯ ಶಾಸನಗಳಲ್ಲಿ ಸ್ವಾಮಿಯ ನೈವೇದ್ಯದ ಪಟ್ಟಿ ಬರೋ ಕಡೆ ಅತಿರಸಪಡಿ ಅಂತ ಕೆತ್ತಿದಾರೆ, ವಿಜಯನಗರದ ಕಾಲದ್ದು. ನಮ್ಮ ಸೀಮೆಯೋರು ನಡೆದುಕೊಂಡೇ ತಿರುಪತಿಗೆ ಹೋಗಿ ಬರ್ತಿದ್ದರು. ಅಲ್ಲಿ ಅತಿರಸ ಅಂತ ಕೇಳಿ, ಇಲ್ಲಿಗೆ ಬಂದು ಕಜ್ಜಾಯ ಅಂತ ತಿಂದರು. ಹೆಸರು ಬದಲಾಯ್ತು ಅಂತ ಯಾರಿಗೂ ತಿಂಡಿ ಗುರುತು ತಪ್ಪಿರಲಿಲ್ಲ. ತಿಂಡಿ ಕಣ್ಣೆದುರಿಗಿತ್ತು. ನಿಮಗೆ ಈಗ ಬಂದಿರೋ ಕಷ್ಟ ಬೇರೆ. ಫೋನಲ್ಲಿ ಹೆಸರೊಂದೇ ಹೋಗುತ್ತೆ, ತಟ್ಟೆ ಹೋಗೋಲ್ಲ.

— ಅದೇ ಮೇಷ್ಟ್ರೇ. ಚೀಟಿ ನೋಡಿದೋರಿಗೆ ಒಳಗೇನಿದೆ ಅಂತ ಗೊತ್ತಾಗಬೇಕು. ಉತ್ತರದ ಕಡೆಯೋರಿಗೆ ಗುಜಿಯಾ ಅಂತ ಹೇಳಿದ್ರೆ ಬೇಗ ತಿಳೀತಾರೆ, ಗುಜಿಯಾ ಅಂತಲೂ ಹಾಕಿ ಅಂತ ನಮ್ಮ ಹುಡುಗರು ಹೇಳ್ತಾರೆ.

— ಬೇಡಮ್ಮ. ಗುಜಿಯಾ ಅಂದ್ರೆ ಉತ್ತರದೋರು ಖೋವಾ ಹುಡುಕ್ತಾರೆ. ಹೋಳಿ ಹಬ್ಬಕ್ಕೆ ಅವರು ಮಾಡೋದು ಹಾಲು ಹಿಂಗಿಸಿದ ಖೋವಾ ತುಂಬಿ, ಎಷ್ಟೋ ಕಡೆ ಸಕ್ಕರೆ ಪಾಕದಲ್ಲೂ ಅದ್ದುತಾರೆ. ನಿಮ್ಮದು ಕಚ್ಚಿದ್ರೆ ಹುರಿಗಡಲೆ ಸಿಗುತ್ತೆ. ಅವರ ಹೆಸರು ಹಾಕಿ ನಿಮ್ಮ ತಿಂಡಿ ಕೊಟ್ಟರೆ ಕೊಂಡೋನಿಗೆ ಕೊಟ್ಟ ಮಾತು ತಪ್ಪಿದ ಹಾಗೆ. ಒಂದೊಂದು ಹೆಸರೂ ಒಂದೊಂದು ಹೂರಣಕ್ಕೆ ಕಟ್ಟುಬಿದ್ದಿರುತ್ತೆ. ಗುಜರಾತಿನಲ್ಲಿ ದೀಪಾವಳಿಗೆ ಘುಘರಾ ಅಂತ ಮಾಡ್ತಾರೆ, ಬಿಹಾರದಲ್ಲಿ ಪೆಡಕಿಯಾ, ತಮಿಳುನಾಡಲ್ಲಿ ಸೋಮಾಸಿ. ಗೋವಾದಲ್ಲಿ ನೆವರಿ. ನಮ್ಮ ಮಂಗಳೂರಿನ ಕಡೆ ಕೊಂಕಣಿ ಮಾತಾಡೋ ಕ್ರೈಸ್ತರು ಅದನ್ನೇ ಕ್ರಿಸ್‌ಮಸ್ಸಿಗೆ ಮಾಡಿ, ಕುಸ್ವಾರ್ ಅನ್ನೋ ತಿಂಡಿಗಳ ತಟ್ಟೇಲಿಟ್ಟು ಅಕ್ಕಪಕ್ಕದ ಮನೆಗಳಿಗೆ ಹಂಚುತಾರೆ. ಹಿಂದೂಗಳ ಮನೇಲಿ ಚೌತಿಗೆ ಗಣಪತಿ ಮುಂದೆ, ಕ್ರೈಸ್ತರ ಮನೇಲಿ ಯೇಸುವಿನ ಹಬ್ಬಕ್ಕೆ. ಮಡಿಕೆ ಅದೇ, ಅಂಚು ಕಟ್ಟೋದೂ ಅದೇ.

— ಕೇಳೋಕೇ ಸಂತೋಷ ಆಗುತ್ತೆ.

— ಹಿಟ್ಟಿನ ಒಳಗೆ ಹೂರಣ ಇಟ್ಟು ಮಡಿಚೋದನ್ನ ಯಾರು ಕಂಡುಹಿಡಿದರು ಅಂತ ಹುಡುಕಿ ಹೋಗೋದರಲ್ಲಿ ನನಗೆ ಆಸಕ್ತಿ ಇಲ್ಲ. ಮಾಳವದ ಸುಲ್ತಾನರ ಅಡುಗೆ ಪುಸ್ತಕ 'ನಿಮತ್‌ನಾಮಾ'ದಲ್ಲಿ ಸಮೋಸ ಮಾಡೋ ಬಗೆಗಳು ಸಾಲಾಗಿವೆ, ಸುಮಾರು 1500ರ ಹೊತ್ತಿನದು. ಅದೇ ಕಾಲಕ್ಕೆ ಇತ್ತ ಕನ್ನಡದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ' ಅಂತ ಅಡುಗೆಯನ್ನೇ ಷಟ್ಪದಿಯಲ್ಲಿ ಬರೆದ. ಅವನು ಶುರು ಮಾಡೋದೇ ಪಿಷ್ಟಪಾಕದಿಂದ, ಅಂದ್ರೆ ಹಿಟ್ಟಿನ ತಿಂಡಿಗಳಿಂದ. ಕನ್ನಡಿಗರಿಗೆ ಹಿಟ್ಟು ಹೂರಣದ ಮೇಲೆ ಎಷ್ಟು ಮಮತೆ ಅಂತ ತಿಳಿಯೋಕೆ ಇಷ್ಟು ಸಾಕು.

— ಕರ್ಜಿಕಾಯಿ ಮರಾಠರು ತಂದಿದ್ದು ಅಂತಾರಲ್ಲ ಕೆಲವರು? ನಮ್ಮ ಹೋಬಳಿಯ ಅಂಬಾಜಿದುರ್ಗ ಅನ್ನೋ ಹೆಸರೇ ಮರಾಠಿ ಥರ ಕೇಳುತ್ತೆ.

— ಮರಾಠರು ಇಲ್ಲಿದ್ದದ್ದು ನಿಜ. ಷಹಾಜಿಯ ಜಹಗೀರು ಬೆಂಗಳೂರಿಂದ ಹೊಸಕೋಟೆ, ಕೋಲಾರದವರೆಗೆ ಹಬ್ಬಿತ್ತು. ಚಿಂತಾಮಣಿಗೂ ಚಿಂತಾಮಣಿರಾವ್ ಅನ್ನೋ ಮರಾಠ ಸರದಾರನಿಂದ ಹೆಸರು ಬಂತು ಅಂತ ಹೇಳ್ತಾರೆ. ಅವರ ಅಡುಗೆಮನೆ ನಮ್ಮ ಅಡುಗೆಮನೆ ನೂರಾರು ವರ್ಷ ಒಂದೇ ಬೀದೀಲಿತ್ತು. ಕೊಟ್ಟರೂ, ತಗೊಂಡರೂ. ಹೆಸರಿನ ತಲೆ ಕರಂಜಿಯ ಕಡೆ ನೋಡಿದ್ರೆ, ಬಾಲದ 'ಕಾಯಿ' ನಮ್ಮದು. ಯಾರು ಯಾರಿಗೆ ಕಲಿಸಿದರು ಅಂತ ಜಗಳ ತೆಗೆದು ಗೆದ್ದೋರು ಯಾರು? ಬಂಗಾಳಕ್ಕೂ ಒಡಿಶಾಕ್ಕೂ ರಸಗುಲ್ಲದ ಹೆಸರಿಗೆ ವರ್ಷಗಟ್ಟಲೆ ವಾದ ನಡೀತು. 2017ರಲ್ಲಿ ಬಂಗಾಳದ ರಸಗುಲ್ಲಕ್ಕೆ ಭೌಗೋಳಿಕ ಸೂಚಿ ಸಿಕ್ಕಿತು, 2019ರಲ್ಲಿ ಒಡಿಶಾದ್ದಕ್ಕೂ ಬೇರೆಯಾಗಿ ಸಿಕ್ಕಿತು. ಇಬ್ಬರದೂ ಬೇರೆ ಬೇರೆ ತಿಂಡಿ ಅಂತಲೇ ಕೊನೆಗೆ ತೀರ್ಮಾನ ಆದ ಹಾಗಾಯ್ತು.

— ನಮ್ಮ ಧಾರವಾಡ ಪೇಡೆಗೂ ಆ ಸೂಚಿ ಇದೆಯಂತೆ. ನಮ್ಮದಕ್ಕೆ ಯಾಕಿಲ್ಲ? ಚಿಂತಾಮಣಿ ಕರ್ಜಿಕಾಯಿ ಅಂತ ನಾವೇ ಮಾಡಿಸಿಕೊಂಡ್ರೆ?

— ಪೇಡೆ ಅಂಗಡಿಯ ತಿಂಡಿ. ಒಂದು ಊರಲ್ಲಿ ಕೆಲವೇ ಮನೆತನಗಳ ಕೈಯಲ್ಲಿ ಬೆಳೆದದ್ದು. ಅಂಥದಕ್ಕೆ ಊರಿನ ಹೆಸರು ಒಪ್ಪುತ್ತೆ. ಕರ್ಜಿಕಾಯಿ ಆ ಥರ ಅಲ್ಲವಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳು ಸಾಕೋ ಮನೇಲೂ ಮಾಡ್ತಾರೆ, ಗೌರಿಬಿದನೂರಲ್ಲಿ ಹಿಂದೂಪುರದ ನೆಂಟರಿಗೆ ಕಳಿಸೋಕೂ ಮಾಡ್ತಾರೆ. ಇದು ನಮ್ಮದು ಮಾತ್ರ ಅಂತ ಬೇಲಿ ಹಾಕೋಕೆ ನನಗೆ ಮನಸ್ಸು ಬರೋಲ್ಲ. ನಿಮ್ಮ ಊರಿನ ಹೆಸರು ವಿಳಾಸದಲ್ಲಿ ಇದ್ದೇ ಇರುತ್ತೆ, ಅಂಬಾಜಿದುರ್ಗ ಹೋಬಳಿ, ಚಿಂತಾಮಣಿ ತಾಲ್ಲೂಕು ಅಂತ. ತಿಂದೋರು ರುಚಿ ಮೆಚ್ಚಿದ್ರೆ ವಿಳಾಸ ಓದ್ತಾರೆ.

— ನನ್ನ ಮಗಳು ಇನ್ನೊಂದು ಹೇಳ್ತಾಳೆ ಮೇಷ್ಟ್ರೇ. ಬೇಕರಿಯ ದಿಲ್‌ಪಸಂದ್ ಇದೆಯಲ್ಲ, ಅದೂ ಕರ್ಜಿಕಾಯೇ ಅಂತ. ಒಳಗೆ ಕೊಬ್ಬರಿ, ಸಕ್ಕರೆ, ಕೆಂಪು ಹಸಿರು ಟೂಟಿಫ್ರೂಟಿ. ಎಣ್ಣೇಲಿ ಕರಿಯೋ ಬದಲು ಒಲೆಯೊಳಗಿಟ್ಟು ಬೇಯಿಸಿದ್ದು, ಅಷ್ಟೇ ಅಂತ.

— ಜಾಣೆ ಮಗಳು! ಬೆಂಗಳೂರು ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಅಯ್ಯಂಗಾರ್ ಬೇಕರಿಯ ಪರಂಪರೆ ನಮ್ಮ ತಾಲ್ಲೂಕು ಊರುಗಳ ಬಸ್‌ಸ್ಟ್ಯಾಂಡಿನವರೆಗೂ ಬಂತು. ಬ್ರೆಡ್ಡು ಬನ್ನು ತಿನ್ನದ ಜನಕ್ಕೆ ಮೈದಾ ತಿನ್ನಿಸಬೇಕಾದ್ರೆ ಒಳಗೆ ಅವರಿಗೆ ಗೊತ್ತಿರೋ ಹೂರಣ ಇಡಬೇಕಿತ್ತು. ಕೊಬ್ಬರಿ ಸಕ್ಕರೆ ಇಟ್ಟರು, ಜನ ಒಪ್ಪಿದರು. ಅದಕ್ಕೂ ಹೆಸರು ಎರಡಿದೆ ನೋಡು. ಬೆಂಗಳೂರಲ್ಲಿ ದಿಲ್‌ಪಸಂದ್, ಹೈದರಾಬಾದಿನಲ್ಲಿ ದಿಲ್‌ಖುಷ್. ಮನೆಯ ತಿಂಡಿಗೆ ಕಾಯಿ, ಕಡುಬು ಅಂತ ಆಕಾರದ ಹೆಸರು, ಇಲ್ಲಾ ಕರಿದದ್ದು ಅಂತ ಮಾಡೋ ಬಗೆಯ ಹೆಸರು. ಅಂಗಡಿ ತಿಂಡಿಗೆ ಮನಸ್ಸು ಮೆಚ್ಚಿದ್ದು, ಮನಸ್ಸು ಹಿಗ್ಗಿದ್ದು ಅಂತ ಕೊಳ್ಳೋನನ್ನ ಕರೆಯೋ ಹೆಸರು. ನೀವೂ ಈಗ ಅಂಗಡಿಗೆ ಹೊರಟಿದೀರಿ. ಅದಕ್ಕೇ ಹೇಳ್ತೀನಿ, ಹೊಸ ಹೆಸರು ಮಾತ್ರ ಕಟ್ಟಬೇಡಿ. ಚಂದದ ಹೆಸರು ಇಟ್ಟು ನಾಳೆ ಅದೇ ನಿಂತುಬಿಟ್ಟರೆ, ನಿಮ್ಮ ಮೊಮ್ಮಕ್ಕಳಿಗೆ ಕರ್ಜಿಕಾಯಿ ಅಂದ್ರೆ ಏನು ಅಂತ ಹೇಳಬೇಕಾಗುತ್ತೆ.

— ಹಾಗಾದ್ರೆ ಕರ್ಜಿಕಾಯಿ ಅಂತಲೇ ಬರೀರಿ ಅಂತೀರಾ? ಕಜ್ಜಿಕಾಯ ಅನ್ನೋ ಮನೆಯೋರಿಗೆ ಬೇಜಾರಾಗುತ್ತೆ. 'ನಮ್ಮ ಅವ್ವ ಚೇಸಿಂದಿ ಕಜ್ಜಿಕಾಯ, ಅಚ್ಚಯ್ಯೇದಿ ಕರ್ಜಿಕಾಯನಾ?' ಅಂತ ಒಬ್ಬರು ನೇರವಾಗೇ ಕೇಳಿದರು, ಅವ್ವ ಮಾಡಿದ್ದು ಕಜ್ಜಿಕಾಯ, ಅಚ್ಚಾಗೋದು ಕರ್ಜಿಕಾಯಿನಾ ಅಂತ. ನನಗೆ ಉತ್ತರ ಬರಲಿಲ್ಲ.

— ಕೇಳಿದ್ದರಲ್ಲಿ ನ್ಯಾಯ ಇದೆ. ಅಂಗೈಯಗಲದ ಚೀಟಿ ನಮಗೆ ಸಣ್ಣ ವಿಷಯ. ಆಕೆಗೆ ಅದು ಅವ್ವನ ಬಾಯಿ. ಈ ಸೀಮೇಲಿ ಮನೆ ಭಾಷೆ ಒಂದು, ಶಾಲೆ ಭಾಷೆ ಇನ್ನೊಂದು. ಸರ್ಕಾರದ ಚೀಟಿ, ಬಸ್ಸಿನ ಬೋರ್ಡು, ಪಾಠದ ಪುಸ್ತಕ ಎಲ್ಲ ಕನ್ನಡ. ತೆಲುಗು ಉಳಿದಿರೋದು ಅಡುಗೆಮನೇಲಿ, ಹೊಲದಲ್ಲಿ, ಭಜನೇಲಿ. ಆಕೆ ಕನ್ನಡದ ವಿರುದ್ಧ ಮಾತಾಡ್ತಿಲ್ಲ. ಅಡುಗೆಮನೆಯ ಹೆಸರನ್ನಾದರೂ ಬಿಡಿ ಅಂತ ಕೇಳ್ತಿದಾಳೆ. ಕೈವಾರದ ತಾತಯ್ಯನವರ ಮಠಕ್ಕೆ ಹೋಗ್ತೀರಲ್ಲ?

— ಪೌರ್ಣಮಿಗೆ ತಪ್ಪದೆ.

— ಅಲ್ಲಿ ಯಾವ ಭಾಷೇಲಿ ಹಾಡ್ತಾರೆ?

— ಎರಡರಲ್ಲೂ. ತಾತಯ್ಯನವರು ತೆಲುಗಲ್ಲೂ ಬರೆದಿದಾರೆ, ಕನ್ನಡದಲ್ಲೂ ಬರೆದಿದಾರೆ.

— ಅವರು 1726ರಲ್ಲಿ ಹುಟ್ಟಿದರು ಅಂತ ಹೇಳ್ತಾರೆ, ಬಳೆ ಮಾರುವ ಬಲಿಜರ ಮನೇಲಿ. ಬಳೆಯ ಮಲಾರ ಹೊತ್ತು ಮನೆಮನೆಗೆ ಹೋಗೋನು ಆಯಾ ಮನೆಯ ಬಾಗಿಲಲ್ಲಿ ಆಯಾ ಮನೆಯ ಮಾತಾಡ್ತಾನೆ. ಆ ಪದಗಳಿಗೆ ಎರಡು ಭಾಷೆ ಬಂದದ್ದು ಹಾಗೇ ಅಂತ ನಾನು ನಂಬಿದೀನಿ. ಭಜನೇಲಿ ಕೂತೋರು ಇದು ಕನ್ನಡದ್ದು, ಅದು ತೆಲುಗಿಂದು ಅಂತ ಎದ್ದು ಹೋಗೋದಿಲ್ಲ. ನೀವೂ ತಿಂಡಿ ಹೊತ್ತು ಬಾಗಿಲು ಬಾಗಿಲಿಗೆ ಹೊರಟಿದೀರಿ. ಚೀಟೀಲಿ ಎರಡೂ ಬರಲಿ. ದಪ್ಪ ಅಕ್ಷರದಲ್ಲಿ ಕರ್ಜಿಕಾಯಿ, ಅದರ ಕೆಳಗೇ ಕಜ್ಜಿಕಾಯ. ಎರಡನ್ನೂ ಕನ್ನಡ ಅಕ್ಷರದಲ್ಲೇ ಬರೆಸಿ, ತೆಲುಗು ಮನೆಯೋರೂ ಇಲ್ಲಿ ಕನ್ನಡ ಲಿಪಿ ಓದ್ತಾರೆ. ಇಂಗ್ಲಿಷಲ್ಲಿ ಬರೆಸೋವಾಗಲೂ ಎರಡೂ ಇರಲಿ, ಫೋನಲ್ಲಿ ಹುಡುಕೋನು ಯಾವ ಹೆಸರು ಒತ್ತಿದ್ರೂ ನಿಮ್ಮ ಪೊಟ್ಟಣ ಸಿಗುತ್ತೆ.

— ಕರ್ಚಿಕಾಯಿ?

— ಆ ಸೊಸೆ ಬೇಜಾರು ಮಾಡಿಕೊಳ್ಳೋಲ್ಲ. ಹುಬ್ಬಳ್ಳಿ ಧಾರವಾಡದೋರು ಕರ್ಜಿಕಾಯಿ ಅಂತ ಕಂಡ್ರೆ ತಕ್ಷಣ ಗುರುತು ಹಿಡೀತಾರೆ, ಒಂದು ಅಕ್ಷರದ ದೂರ ಅಷ್ಟೇ. ಕಜ್ಜಿಕಾಯಕ್ಕೆ ಹಾಗಲ್ಲ, ಕಜ್ಜಾಯ ಅಂತ ಓದಿಬಿಡೋ ಅಪಾಯ ಇದೆ, ನೀವೇ ಅನುಭವಿಸಿದೀರಿ. ಅದಕ್ಕೇ ಮೂರನೇ ಸಾಲು ಹೆಸರಿಗಿಂತ ಮುಖ್ಯ. ಹೂರಣ ಏನು ಅನ್ನೋದನ್ನ ಹಿಂದೆ ಸಣ್ಣ ಅಕ್ಷರದಲ್ಲಿ ಮುಚ್ಚಿಡಬೇಡಿ. ಮುಂದೇ ಹಾಕಿ, 'ಹುರಿಗಡಲೆ–ಕೊಬ್ಬರಿ' ಅಂತ.

— ಕಡ್ಲೆಕಾಯಿ ಬೀಜದ್ದು ಮಾಡಿದ್ರೆ?

— ಅದಕ್ಕೆ 'ಕಡ್ಲೆಕಾಯಿ–ಬೆಲ್ಲ' ಅಂತ ಬೇರೆ ಚೀಟಿ. ಕಡ್ಲೆಕಾಯಿ ಬೀಜ ಕೆಲವರ ಮೈಗೆ ಒಗ್ಗೋಲ್ಲ, ಅದು ಕಣ್ಣಿಗೆ ಕಾಣೋ ಹಾಗೆ ಇರಲೇಬೇಕು. ನನ್ನ ಆಸೆ ಕೇಳಿದ್ರೆ ಮೊದಲು ಅದನ್ನೇ ಮಾಡಿ ಅಂತೀನಿ. ಹುರಿಗಡಲೆದು ಬೆಂಗಳೂರಿನ ಯಾವ ಕಾಂಡಿಮೆಂಟ್ಸ್ ಅಂಗಡೀಲೂ ಸಿಗುತ್ತೆ. ಮಳೆಯನ್ನೇ ನಂಬಿದ ಕೆಂಪು ಮಣ್ಣಲ್ಲಿ ಬೆಳೆದ ಕಡ್ಲೆಕಾಯಿ ಹುರಿದು ಬೆಲ್ಲದ ಜೊತೆ ಕುಟ್ಟಿದ ಹೂರಣ ಅಲ್ಲಿ ಸಿಗೋಲ್ಲ. ಕೊಬ್ಬರಿ ಕೊಳ್ಳೋಕೆ ಕಾಸಿಲ್ಲದೆ ಹುಟ್ಟಿದ ರುಚಿ ಅದು, ಈಗ ಅದೇ ನಿಮ್ಮ ಬಂಡವಾಳ.

— ಅದು ಬೇಗ ಮುಗ್ಗಲು ವಾಸನೆ ಬರುತ್ತೆ ಮೇಷ್ಟ್ರೇ. ಬೀಜದಲ್ಲೇ ಎಣ್ಣೆ ಇರುತ್ತಲ್ಲ. ಹುರಿಗಡಲೆದು ಹದಿನೈದು ದಿನ ಅಂತ ಬರೆದ್ರೆ, ಇದಕ್ಕೆ ಎಂಟು ದಿನ ಅಂತಲೇ ಬರೀಬೇಕು.

— ಎಂಟು ಅಂತಲೇ ಬರೀರಿ. ಸುಳ್ಳು ಹೇಳಿ ಹದಿನೈದು ಮಾಡಬೇಡಿ.

— ಹಸಿ ಕಾಯಿದು?

— ಅದನ್ನ ಪೊಟ್ಟಣಕ್ಕೆ ಹಾಕಲೇಬೇಡಿ. ಕರಿಗಡುಬಿನ ಜೊತೆಗೇ ಅದನ್ನೂ ಮನೇಲಿ ಉಳಿಸಿಕೊಳ್ಳಿ. ಊರಿಗೆ ಬಂದೋರು ತಿಂದು ಹೋಗಲಿ.

— ಆ ತೆಲುಗು ಮನೆಯೋರು ಕಜ್ಜಿಕಾಯ ಅಂದ್ರೆ ಹಸಿ ಕಾಯಿ ಬೆಲ್ಲದ್ದೇ ಅಂತಾರೆ. ಅವರ ಹೆಸರು ಹಾಕಿ ಒಳಗೆ ಹುರಿಗಡಲೆ ಇಟ್ಟರೆ, ಗುಜಿಯಾ ವಿಷಯದಲ್ಲಿ ನೀವು ಹೇಳಿದ ಮಾತೇ ಇಲ್ಲೂ ಬರುತ್ತಲ್ಲ?

— ಬರುತ್ತೆ. ಅದಕ್ಕೆ ಮೂರನೇ ಸಾಲು ಸಾಕಾಗುತ್ತಾ ಇಲ್ಲವಾ ಅಂತ ನಾನು ಇಲ್ಲಿ ಕೂತು ತೀರ್ಮಾನ ಮಾಡೋಕಾಗೋಲ್ಲ. ಆಕೆಯನ್ನೇ ಕೇಳಬೇಕು. ಅಚ್ಚಿಗೆ ಕೊಡೋದನ್ನ ಒಂದು ವಾರ ತಡೀರಿ. ಸಂಘದ ಸಭೆಗೆ ಬರೋವಾಗ ಪ್ರತಿ ಮನೆಯೋರೂ ತಮ್ಮ ಮನೆ ಹೂರಣ ತುಂಬಿ ಹತ್ತು ಹತ್ತು ಮಾಡಿಕೊಂಡು ಬರಲಿ. ಮುಚ್ಚಳ ತೆಗೆದು, ತಿಂದು, ಯಾವುದಕ್ಕೆ ಯಾವ ಹೆಸರು ಅಂತ ಮಾಡಿದೋರೇ ಹೇಳಲಿ. ನಾನು ಬಂದು ಬರೆದುಕೊಳ್ತೀನಿ.

— ನಮ್ಮತ್ತೆಯನ್ನೂ ಕರ್ಕೊಂಡು ಬರ್ತೀನಿ. ಅವರ ತವರು ಚೇಳೂರಿನ ಕಡೆ. ಅಲ್ಲಿ ಇದನ್ನ ಏನಂತಾರೆ ಅಂತ ಇವತ್ತಿನವರೆಗೂ ನಾನು ಕೇಳೇ ಇಲ್ಲ.